ಬಂದ ಕಾಗದಕ್ಕೆ ಅದೇ ದಿನ ಉತ್ತರ

ಹೊಲಿಗೆ ಯಂತ್ರದ ಬಿಡಿಭಾಗ ಮಾಡುವ ಆ ಕಂಪನಿಯಲ್ಲಿ ಎಲ್ಲರಿಗೂ ಒಂದೊಂದು ಕೆಲಸವಿತ್ತು, ಅಳಿಯನಿಗೆ ಒಂದು ಕಪಾಟಿತ್ತು. ಮೆಟ್ಟಿಲ ಕೆಳಗಿನ ಕಪಾಟು. ಹಿಂದೆ ಪೊರಕೆ, ಬಕೆಟ್ಟು, ಹರಿದ ಗೋಣಿಚೀಲ ತುರುಕಿಡುತ್ತಿದ್ದ ಜಾಗ. ಈಗ ಅದರೊಳಗೆ ಕಂಪನಿಯ ಮೇಲ್ ಸರ್ವರ್ ಕೂತು ಬಿಡುವಿಲ್ಲದೆ ಗುಂಯ್ ಎನ್ನುತ್ತಿತ್ತು. ಹೊರಗಿನಿಂದ ಬರುವ ಮೇಲ್ ಅದರ ಮೂಲಕ ಬರಬೇಕು, ಒಳಗಿನಿಂದ ಹೋಗುವ ಮೇಲ್ ಅದರ ಮೂಲಕ ಹೋಗಬೇಕು. ಎಂಟು ವರ್ಷದ ಹಿಂದೆ ಈ ಮನೆಯ ಮಗಳ ಕೈಹಿಡಿದು ಬಂದವನು, ಇಲ್ಲಿ ತಾನೇನು ಮಾಡಬೇಕೆಂದು ತಿಳಿಯದೆ ಮೂರು ತಿಂಗಳು ಸುಮ್ಮನೆ ಓಡಾಡಿ, ಕೊನೆಗೆ ಯಾರೂ ಕೇಳದಿದ್ದರೂ ಕಟ್ಟಿ ನಿಲ್ಲಿಸಿದ್ದು ಅದು. ಲೇತ್ ಮುಂದೆ ನಿಂತರೆ ಅವನ ಕೈ ನಡುಗುತ್ತಿತ್ತು. ಗಿರಾಕಿಯ ಮುಂದೆ ಕೂತರೆ ನಾಲಿಗೆ ತೊದಲುತ್ತಿತ್ತು. ಆ ಕಪಾಟಿನ ಮುಂದೆ ಮಾತ್ರ ಅವನು ಮಹಾರಾಜ. ಸರ್ವರ್‌ಗೆ ಜಾಗ ಬೇಕೆಂದು ಹುಡುಕುತ್ತಿದ್ದಾಗ ಒಂದು ಬೆಳಿಗ್ಗೆ ಆ ಪೊರಕೆ, ಬಕೆಟ್ಟುಗಳು ತಾವಾಗಿಯೇ ಮಾಯವಾಗಿ ಕಪಾಟು ಖಾಲಿ ಬಿದ್ದಿತ್ತು. ತನ್ನ ಅದೃಷ್ಟ ಎಂದುಕೊಂಡ. ನಮ್ಮ ಅಳಿಯ ಅಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳುವ ಪೈಕಿ ಅಲ್ಲ.

ಆ ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಮಹಾರಾಜರ ಆಸ್ಥಾನಕ್ಕೆ ಮಹಾರಾಣಿ ಬಂದಳು. ಹೆಂಡತಿ ಎಂದರೂ ಅವಳೇ, ಕಂಪನಿಯ ಯಜಮಾನಿ ಎಂದರೂ ಅವಳೇ. ಮುಖ ಗಂಟಿಕ್ಕಿಕೊಂಡಿತ್ತು.

"ರೀ, ಇದೇನ್ರೀ ಇದು? ಕಳಿಸಿದ ಮೇಲ್ ಕಣ್ಣು ಮಿಟುಕಿಸೋದ್ರೊಳಗೆ ವಾಪಸ್ ಬಂದಿದೆ."

"ಇನ್ನೊಂದ್ಸಲ ಕಳಿಸಿ ನೋಡು."

"ಮೂರು ಸಲ ಆಯ್ತು."

"ಹಾಗಾದ್ರೆ ಅವರ ಕಡೇನೇ ಏನೋ ತೊಂದ್ರೆ."

"ಓಹೋ. ಸೂಜಿ ಕಾರ್ಖಾನೆಯವರು, ಲಾರಿ ಆಫೀಸಿನವರು, ಹೊಲಿಗೆ ಶಾಲೆಯವರು, ಎಲ್ಲರಿಗೂ ಮಾತಾಡ್ಕೊಂಡು ಒಂದೇ ಬೆಳಿಗ್ಗೆ ತೊಂದ್ರೆ ಬಂತಾ?"

ಹೊಲಿಗೆ ಶಾಲೆಯ ವಿಷಯ ಅಳಿಯನಿಗೂ ಗೊತ್ತಿತ್ತು. ದೂರದ ಊರಿನ ದೊಡ್ಡ ಶಾಲೆ, ನಾನೂರು ಹಳೇ ಯಂತ್ರಗಳಿಗೂ ಬಾಬಿನ್ ಪೆಟ್ಟಿಗೆಯಿಂದ ಹಿಡಿದು ಎಲ್ಲ ಬಿಡಿಭಾಗ ಬದಲಾಯಿಸಬೇಕಿತ್ತು. ಆರ್ಡರು ಈ ಕಂಪನಿಗೆ ಒಲಿದಿತ್ತು. ಒಪ್ಪಿದ್ದೇವೆ ಎಂದು ಇವತ್ತು ಸಾಯಂಕಾಲ ನಾಲ್ಕರೊಳಗೆ ಬರಹದಲ್ಲಿ ತಿಳಿಸಬೇಕು, ಇಲ್ಲವಾದರೆ ಪಟ್ಟಿಯಲ್ಲಿ ಎರಡನೆಯವರಿಗೆ ಹೋಗುತ್ತದೆ.

"ನಿನ್ನ ಫೋನಿಂದ ಕಳಿಸಿದ್ರೆ?"

"ಷರತ್ತು ಓದಿಲ್ವಾ? ಕಂಪನಿಯ ನೋಂದಾಯಿಸಿದ ವಿಳಾಸದಿಂದಲೇ ಬರಬೇಕು. ಫೋನ್ ಮಾಡಿ ಗೋಗರೆದೂ ಆಯ್ತು. ನಿಯಮ ಅಂದ್ರೆ ನಿಯಮ ಅಂದ್ರು." ಅವಳು ಗಡಿಯಾರ ನೋಡಿದಳು. "ಕೇಳಿಸ್ಕೊಳ್ಳಿ. ನಾಲ್ಕಕ್ಕೆ ಆ ಕಾಗದ ಹೋಗ್ಲಿಲ್ಲ ಅಂದ್ರೆ ಆರ್ಡರ್ ಹೋಯ್ತು. ಆರ್ಡರ್ ಹೋದ್ರೆ ನಿಮ್ಮ ಈ ಡಬ್ಬಾನೂ ಹೋಯ್ತು. ನಾಳೆಯಿಂದ ಹೊರಗಿನ ಕಂಪನಿಯವರಿಗೆ ಮೇಲ್ ವಹಿಸಿಬಿಡ್ತೀನಿ. ಪೊರಕೆ ಮತ್ತೆ ಕಪಾಟಿಗೆ."

"ಮತ್ತೆ ನಾನು?" ಎಂದು ಅಳಿಯ ಕೇಳುವಷ್ಟರಲ್ಲಿ ಅವಳು ಮೆಟ್ಟಿಲು ಹತ್ತಿಯಾಗಿತ್ತು.

ನಿಜಕ್ಕೂ, ಈ ಡಬ್ಬ ಇಲ್ಲದಿದ್ದರೆ ಈ ಕಟ್ಟಡದಲ್ಲಿ ತಾನು ಯಾರು? ಊಟದ ಹೊತ್ತಿಗೆ ಸರಿಯಾಗಿ ಬಂದು ಕೂರುವ ಒಬ್ಬ ಗಂಡಸು. ಅಳಿಯ ಅಂಗಿಯ ತೋಳು ಮಡಿಸಿಕೊಂಡ.

ಮೊದಲು ಕಂಪನಿಯ ಹೆಸರಿನ ದಾಖಲೆ ಸರಿಯಾಗಿದೆಯೇ ನೋಡಿದ. ಇತ್ತು. ಹೋಗುವ ಮೇಲ್‌ಗೆ ಸರ್ವರ್ ಹಾಕುವ ಗುರುತಿನ ಮುದ್ರೆ ನೋಡಿದ. ಅದೂ ಇತ್ತು. ಸರ್ವರನ್ನು ಆರಿಸಿ ಮತ್ತೆ ಹೊತ್ತಿಸಿದ. ಏನು ಮಾಡಬೇಕೆಂದು ಗೊತ್ತಾಗದಾಗ ಬಲ್ಲವರೂ ಮಾಡುವುದು ಅದನ್ನೇ ತಾನೆ. ಆಮೇಲೆ, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದ. ವಾಪಸ್ ಬಂದ ಮೇಲ್‌ನ ತಳದಲ್ಲಿದ್ದ ಸಣ್ಣಕ್ಷರದ ಸಾಲುಗಳನ್ನು ಓದಿದ. 'ನಿಮ್ಮ ಸರ್ವರ್ ಕಪ್ಪುಪಟ್ಟಿಯಲ್ಲಿದೆ. ನಿಮ್ಮಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ.'

ಅಳಿಯನಿಗೆ ಕಪಾಳಕ್ಕೆ ಹೊಡೆದಂತಾಯಿತು. ಎಲ್ಲೋ ಕೂತ ಕೆಲವರು ಈ ಪಟ್ಟಿ ಇಡುತ್ತಾರೆ. ಬೇಡದ ಜಾಹೀರಾತನ್ನು ಕಂಡಕಂಡವರಿಗೆ ಎರಚುವ ಪೋಲಿ ಸರ್ವರುಗಳ ಪಟ್ಟಿ. ಜಗತ್ತಿನ ಅರ್ಧಕ್ಕರ್ಧ ಕಂಪನಿಗಳು ಅದನ್ನು ನೋಡಿಯೇ ಬಾಗಿಲು ತೆರೆಯುವುದು. ಅಂಥ ಪಟ್ಟಿಯಲ್ಲಿ ತನ್ನ ಸರ್ವರು! ತಾನು ವಾರಕ್ಕೊಮ್ಮೆ ಬಟ್ಟೆ ಹಿಡಿದು ಧೂಳು ಒರೆಸುವ ಸರ್ವರು!

ಯಾವುದೋ ಕಂಪ್ಯೂಟರಿಗೆ ವೈರಸ್ ಹೊಕ್ಕಿರಬೇಕೆಂದು ಅಳಿಯ ಎದ್ದ. ಸಾಮಾನಿನ ಕೋಣೆ ನೋಡಿಕೊಳ್ಳುವ ಸ್ಟೋರಿನವರ ಮೇಲೆ ಅವನಿಗೆ ಮೊದಲಿಂದಲೂ ಅನುಮಾನ.

"ಇದ್ರಲ್ಲಿ ಏನೇನು ಮಾಡಿದ್ರಿ, ನಿಜ ಹೇಳಿ."

"ಇಸ್ಪೀಟ್ ಆಡಿದ್ದು ಬಿಟ್ರೆ ಇನ್ನೇನೂ ಮಾಡಿಲ್ಲ ಸ್ವಾಮಿ," ಎಂದರು ಸ್ಟೋರಿನವರು, ಕೆಲಸ ಮಾಡಿಲ್ಲವೆಂದು ತಾವೇ ಒಪ್ಪಿಕೊಂಡಂತಾಯಿತೆಂದು ಹೊಳೆದು ನಾಲಿಗೆ ಕಚ್ಚಿಕೊಂಡರು.

ಆರು ಕಂಪ್ಯೂಟರುಗಳನ್ನು ಜಾಲಾಡಿದರೂ ವೈರಸ್ಸಿನ ಸುಳಿವಿಲ್ಲ. ಗಂಟೆ ಹನ್ನೆರಡು. ಕೊನೆಗೆ ಅಳಿಯ ಯಾರು ಎಷ್ಟು ಮೇಲ್ ಕಳಿಸಿದ್ದಾರೆಂದು ಲೆಕ್ಕ ತೆಗೆದ. ಕಳೆದ ವಾರದಲ್ಲಿ ಯಜಮಾನಿ ಐವತ್ತು, ಸ್ಟೋರಿನವರು ಆರು, ಕಾಗದದ ಮೇಜು ನಾನೂರ ಹನ್ನೆರಡು.

ನಾನೂರ ಹನ್ನೆರಡು! ಕಾಗದದ ಮೇಜೆಂದರೆ ಅತ್ತೆ. ಅತ್ತೆಯ ಪಾಸ್‌ವರ್ಡನ್ನು ಯಾವನೋ ಕಳ್ಳ ಕದ್ದಿದ್ದಾನೆ. 'ಸಿಕ್ಕಿಬಿದ್ದೆಯಾ ಮಗನೇ' ಎಂದು ಹಲ್ಲು ಕಡಿಯುತ್ತ ಕಳ್ಳನ ಮೊದಲನೇ ಮೇಲ್ ತೆರೆದ.

'ಮಾನ್ಯರೇ, ಕ್ಷೇಮವೇ? ಬೋಳು ತಲೆಯಲ್ಲಿ ಕೂದಲು ಬರಿಸುವ ಔಷಧಿಯ ಕುರಿತು ತಾವು ಬರೆದ ಕಾಗದ ತಲುಪಿತು. ನಮ್ಮ ಅಳಿಯಂದಿರ ನಡುನೆತ್ತಿ ತೆಳುವಾಗಿರುವುದು ನಿಜವೇ. ತಮಗೆ ಹೇಗೆ ತಿಳಿಯಿತೋ ಕಾಣೆ. ಆದರೆ ಅದು ಅವರಿಗೆ ಒಪ್ಪುತ್ತದೆ, ಅವರೂ ಆ ಬಗ್ಗೆ ಕೊರಗಿದ್ದನ್ನು ನಾನು ಕಂಡಿಲ್ಲ. ಆದ್ದರಿಂದ ಸದ್ಯಕ್ಕೆ ಬೇಡ. ನಮ್ಮ ಬಿಡಿಭಾಗಗಳ ಕ್ಯಾಟಲಾಗ್ ಲಗತ್ತಿಸಿದೆ.'

ಅಳಿಯನ ಕೈ ತಾನಾಗಿಯೇ ನೆತ್ತಿಗೆ ಹೋಯಿತು. ಇದು ಕಳ್ಳನಲ್ಲ.

ಎರಡನೆಯದು ತೆರೆದ. 'ನಾನು ಇಪ್ಪತ್ತನಾಲ್ಕರ ಒಂಟಿ ಸುಂದರಿ, ನಿನ್ನನ್ನು ಭೇಟಿಯಾಗಬೇಕು' ಎಂದು ಬಂದಿದ್ದ ಮೇಲ್‌ಗೆ ಉತ್ತರ ಹೀಗಿತ್ತು: 'ಮಗಳೇ, ನಿನ್ನ ಕಾಗದ ಓದಿ ಕರುಳು ಚುರುಕ್ ಎಂದಿತು. ಗುರುತಿಲ್ಲದ ಜನಕ್ಕೆಲ್ಲ ಹೀಗೆ ಬರೆಯಬಾರದು, ಜನ ಸರಿಯಿಲ್ಲ. ಒಂಟಿತನಕ್ಕೆ ಕೈಯಲ್ಲೊಂದು ಕೆಲಸವಿದ್ದರೆ ಒಳ್ಳೆಯದು. ಹೊಲಿಗೆ ಕಲಿ. ಕ್ಯಾಟಲಾಗ್ ಲಗತ್ತಿಸಿದೆ.'

ನಾನೂರ ಹನ್ನೆರಡರಲ್ಲಿ ಮುಕ್ಕಾಲು ಪಾಲು ಇಂಥವೇ. ಪಾರ್ಸೆಲ್ ಸಿಕ್ಕಿಹಾಕಿಕೊಂಡಿದೆ ಎಂದು ಬೆದರಿಸಿದವನಿಗೆ ಸಮಾಧಾನ. ಹತ್ತು ದಿನದಲ್ಲಿ ತೂಕ ಇಳಿಸುತ್ತೇನೆಂದವನಿಗೆ ಧನ್ಯವಾದ. ಪ್ರತಿಯೊಂದರ ಬಾಲಕ್ಕೂ ನಲವತ್ತೆಂಟು ಪುಟದ ಕ್ಯಾಟಲಾಗು.

ಇದಕ್ಕೆ ಕಾರಣ ಗೋಡೆಯ ಮೇಲಿತ್ತು. ಕಂಪನಿ ಕಟ್ಟಿದ ಮಾವ ಈಗಿಲ್ಲ, ಆದರೆ ಕಾಗದದ ಮೇಜಿನ ಮೇಲ್ಗಡೆ ಅವರು ದಪ್ಪಕ್ಷರದಲ್ಲಿ ಬರೆಸಿದ್ದ ಸಾಲು ಇನ್ನೂ ಇದೆ: 'ಬಂದ ಕಾಗದಕ್ಕೆ ಅದೇ ದಿನ ಉತ್ತರ.' ಅತ್ತೆ ಮದುವೆಯಾಗಿ ಬಂದ ವಾರವೇ ಆ ಮೇಜಿಗೆ ಕೂತವರು, ನಲವತ್ತೊಂದು ವರ್ಷವಾಯಿತು. ಯಾರ ಹೆಸರಿಗೆ ಬಂದ ಕಾಗದವೂ ಮೊದಲು ಅವರ ಕೈಗೆ. ಓದಿ, 'ಬಂದಿದೆ' ಎಂದು ಠಪ್ಪನೆ ಮೊಹರು ಒತ್ತಿ, ಸಂಬಂಧಪಟ್ಟವರಿಗೆ ಕೊಟ್ಟು, ಉಳಿದವಕ್ಕೆ ತಾವೇ ಉತ್ತರಿಸಿ, ಮೇಜು ಖಾಲಿಯಾದ ಮೇಲೆಯೇ ಏಳುವುದು. ಕಾಗದ ಹೋಗಿ ಮೇಲ್ ಬಂದಾಗಲೂ ಅತ್ತೆ ಮೇಲನ್ನು ಕಾಗದವೆಂದೇ ಕರೆದರು, ಮುದ್ರಿಸಿ ಮೊಹರನ್ನೂ ಒತ್ತಿದರು. ಆ ಪದ್ಧತಿ ತಪ್ಪಬಾರದೆಂದು ಅಳಿಯ ಕಂಪನಿಯ ಎಲ್ಲ ವಿಳಾಸಗಳಿಗೆ ಬರುವ ಮೇಲ್ ಕೂಡ ಮೊದಲು ಅತ್ತೆಯ ಪೆಟ್ಟಿಗೆಗೇ ಬೀಳುವಂತೆ ಮಾಡಿಟ್ಟಿದ್ದ.

ಅದಾದರೂ ಇರಲಿ. ಹಿಂದೆ ಅತ್ತೆ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದರಿಂದ ಗುರುತಿಲ್ಲದವರಿಗೆ ದಿನಕ್ಕೆ ನಾಲ್ಕೈದು ಉತ್ತರ ಹೋದರೆ ಹೆಚ್ಚು. ಹೋದ ತಿಂಗಳು ಅಳಿಯ, 'ಅತ್ತೆಗೆ ಬೆರಳು ನೋವಂತೆ' ಎಂದು ಮರುಗಿ ಒಂದು ಗುಂಡಿ ಮಾಡಿಕೊಟ್ಟಿದ್ದ. ಒತ್ತಿದರೆ ಸಾಕು, ಮೇಲೆ 'ಮಾನ್ಯರೇ, ಕ್ಷೇಮವೇ?', ಕೆಳಗೆ ಸಹಿ, ಜೊತೆಗೆ ಕ್ಯಾಟಲಾಗ್. ನಡುವಿನ ನಾಲ್ಕು ಸಾಲು ಬರೆದರಾಯಿತು. ಅತ್ತೆಗೆ ರೆಕ್ಕೆ ಬಂದಿತ್ತು.

ಕಪ್ಪುಪಟ್ಟಿಯವರು ಬಲು ಚಾಲಾಕಿಗಳು. ಯಾರೂ ವಾಸವಿಲ್ಲದ ಮನೆಗಳಂತೆ ಸುಳ್ಳು ವಿಳಾಸಗಳನ್ನು ಇಟ್ಟಿರುತ್ತಾರೆ. ಅಲ್ಲಿಗೆ ಬರೆಯಲು ಯಾರಿಗೂ ಕಾರಣವಿಲ್ಲ, ಬರೆದವನು ಪೋಲಿ ಎಂದೇ ಲೆಕ್ಕ. ಕೂದಲ ಔಷಧಿಯವನು ಅಂಥದೇ ವಿಳಾಸವನ್ನು ಕದ್ದು ತನ್ನದೆಂದು ಹಾಕಿಕೊಂಡಿದ್ದ. ಅತ್ತೆ ಪಾಪ ಅಲ್ಲಿಗೇ ಉತ್ತರ ಬರೆದು, ಬಾಬಿನ್ನು, ಸೂಜಿಗಳ ಕ್ಯಾಟಲಾಗು ಕಳಿಸಿದ್ದರು. ಅಳಿಯ ತಲೆ ಮೇಲೆ ಕೈ ಹೊತ್ತು ಕೂತ. ಪೋಲಿ ಸರ್ವರ್ ಎಂದು ಅವರು ಬರೆದುಕೊಂಡಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಇದು ಎಂದಿನಿಂದ ನಡೆದಿದೆ ಎಂದು ನೋಡಲು ಅತ್ತೆ ಕಳಿಸಿದ ಹಳೇ ಕಾಗದಗಳನ್ನೆಲ್ಲ ಮೇಲಿಂದ ಕೆಳಗೆ ಸರಿಸಿದ. ನಡುನಡುವೆ, ವರ್ಷಕ್ಕೊಂದರಂತೆ, ತನ್ನದೇ ವಿಳಾಸ. ಹುಟ್ಟುಹಬ್ಬದ ಕಾಗದಗಳು. ಬಂದಾಗ ಮೊದಲ ಸಾಲು ನೋಡಿ 'ಅತ್ತೆಯ ಶುಭಾಶಯ' ಎಂದು ಮುಚ್ಚಿಟ್ಟವು. ಈಗ ಅದಕ್ಕೆಲ್ಲ ಪುರುಸೊತ್ತೆಲ್ಲಿ? ಮುಂದೆ ಸರಿಸಿದ.

ಅತ್ತೆಗೆ ಹೇಳಿಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿ ಹಲಗೆಯ ಅಡ್ಡಗೋಡೆಯ ಆಚೆಗೆ ಹೋದ. ಕಪಾಟಿನಿಂದ ಕಾಗದದ ಮೇಜಿಗೆ ಆರೇ ಹೆಜ್ಜೆ. ಅತ್ತೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡಿದರು.

"ಯಾಕೆ ಅಳಿಯಂದ್ರೇ, ಮುಖ ಸಪ್ಪಗಿದೆ?"

"ಏನಿಲ್ಲ ಅತ್ತೆ... ಒಂದು ವಿಷಯ... ಅದು... ಸರ್ವರ್ ಸ್ವಲ್ಪ ಬಿಸಿಯಾಗಿದೆ."

"ಕಿಟಕಿ ತೆಗೀಲಾ?"

"ತೆಗೀರಿ," ಎಂದು ಇಂಗು ತಿಂದ ಮಂಗನಂತೆ ವಾಪಸ್ ಬಂದ. ನಲವತ್ತೊಂದು ವರ್ಷದ ಕೆಲಸವನ್ನು ಹಿಡಿದು 'ನೀವು ಮಾಡುತ್ತಿರುವುದು ಪೋಲಿ ಕೆಲಸ' ಎಂದು ಹೇಳಲು ಯಾವ ಅಳಿಯನಿಗೆ ಬಾಯಿ ಬರುತ್ತದೆ? ನನಗಂತೂ ಬರುವುದಿಲ್ಲ.

ಹೇಳಲಾಗದವನು ಕಳ್ಳದಾರಿ ಹಿಡಿದ. ಅತ್ತೆಯ ಪೆಟ್ಟಿಗೆಯಲ್ಲಿ 'ಕಸ' ಎಂಬ ಬುಟ್ಟಿಯೊಂದನ್ನು ಮಾಡಿ, ಗುರುತಿಲ್ಲದವರ ಮೇಲ್‌ಗಳೆಲ್ಲ ಸದ್ದಿಲ್ಲದೆ ಅದಕ್ಕೆ ಬೀಳುವಂತೆ ಏರ್ಪಾಡು ಮಾಡಿದ. ಕಣ್ಣಿಗೆ ಬೀಳದಿದ್ದರೆ ಅತ್ತೆ ಉತ್ತರ ಬರೆಯುವುದಾದರೂ ಹೇಗೆ? ತನ್ನ ಬುದ್ಧಿಗೆ ತಾನೇ ಬೆನ್ನು ತಟ್ಟಿಕೊಂಡು, ಒಂದೂವರೆಗೆ ಕಪ್ಪುಪಟ್ಟಿಯವರ ಪುಟದಲ್ಲಿ ಅರ್ಜಿ ತುಂಬಿದ. 'ಯಾಂತ್ರಿಕ ದೋಷ, ಸರಿಪಡಿಸಲಾಗಿದೆ' ಎಂದು ಬರೆದ. 'ನಿಮ್ಮ ಕಂಪನಿಯ ವಿಳಾಸಕ್ಕೆ ನಮ್ಮವರೊಬ್ಬರು ಬರೆಯುತ್ತಾರೆ. ಅದಕ್ಕೆ ಉತ್ತರಿಸಿ, ನಮ್ಮ ಬಾಗಿಲು ಮಾತ್ರ ನಿಮಗೆ ತೆರೆದಿರುತ್ತದೆ. ಆಮೇಲೆ ತೀರ್ಮಾನ' ಎಂಬ ಸಾಲು ಮೂಡಿತು.

ಅಳಿಯ ಕಾದ. ಎರಡಾಯಿತು, ಎರಡೂವರೆಯಾಯಿತು. ಅಂಥ ಕಾಗದ ಬಂದ ಕೂಡಲೇ ಅತ್ತೆ ದಾಟಿಸುತ್ತಾರೆಂದು ಕಣ್ಣು ಕೀಲಿಸಿ ಕೂತ. ಮೂರಾಯಿತು. ಯಜಮಾನಿ ಮೆಟ್ಟಿಲ ಮೇಲೆ ನಿಂತು ಗಡಿಯಾರ ತೋರಿಸಿ ಹೋದಳು. ಮೂರೂಕಾಲು. ಸ್ಟೋರಿನವರು ಪೊರಕೆ ಹಿಡಿದು ಹಾದುಹೋದರು. ಗುಡಿಸಲು ಹೋದರೋ, ಜಾಗ ನೋಡಲು ಬಂದರೋ, ಅಳಿಯ ಕಪಾಟಿನ ಬಾಗಿಲಿಗೆ ಅಡ್ಡ ಕೂತ.

ಆಗ ಅಡ್ಡಗೋಡೆಯ ಆಚೆಯಿಂದ ಅತ್ತೆಯ ದನಿ ಬಂತು.

"ಅಳಿಯಂದ್ರೇ, ಮಧ್ಯಾಹ್ನದಿಂದ ಮೂರೇ ಕಾಗದ ಬಂದಿವೆಯಲ್ಲ, ಉಳಿದಿದ್ದೆಲ್ಲ ಎಲ್ಲಿಗೆ ಹೋಯ್ತು ಅಂತ ಹುಡುಕ್ತಾ ಇದ್ದೆ. ಎಡಗಡೆ ಕಸ ಅಂತ ಹೊಸದೊಂದು ಬುಟ್ಟಿ ಬಂದಿದೆ. ಅದ್ರಲ್ಲಿ ಮೂವತ್ತೆಂಟು ಬಿದ್ದಿದ್ವು!"

ಕಪ್ಪುಪಟ್ಟಿಯವರೂ ಗುರುತಿಲ್ಲದವರೇ ತಾನೆ! ಅಳಿಯ ಆರು ಹೆಜ್ಜೆಯನ್ನು ಎರಡೇ ನೆಗೆತಕ್ಕೆ ದಾಟಿದ.

"ಅದ್ರಲ್ಲಿ ಕಪ್ಪುಪಟ್ಟಿಯವರದ್ದು ಅಂತ ಏನಾದ್ರೂ ಇತ್ತಾ ಅತ್ತೆ?"

"ಇತ್ತು. ಎರಡು ಹತ್ತಕ್ಕೇ ಬಂದಿದೆ, ಪಾಪ. 'ಏನಾಯಿತು, ನಿಮ್ಮದೇ ಮಾತಿನಲ್ಲಿ ಹೇಳಿ' ಅಂತ ಕೇಳಿದ್ರು. ಯಾವ್ಯಾವ ಕಾಗದ ಅಂತ ಪಟ್ಟೀನೂ ಕೊಟ್ಟಿದ್ರು. ಎಲ್ಲ ನನ್ನವೇ."

"ಅಯ್ಯೋ, ತೋರಿಸಿ ಅತ್ತೆ, ನಾನು ಈಗ್ಲೇ ಉತ್ತರ..."

"ಉತ್ತರ ಹೋಗಿ ಹತ್ತು ನಿಮಿಷ ಆಯ್ತಲ್ಲ!"

ಅಳಿಯ ಪಕ್ಕದ ಸ್ಟೂಲಿನ ಮೇಲೆ ಕುಸಿದ. ಮುಗಿಯಿತು. ತನ್ನ ಎಂಟು ವರ್ಷ, ಕಪಾಟು, ಎಲ್ಲ ಮುಗಿಯಿತು. ಕಪ್ಪುಪಟ್ಟಿಯವರಿಗೂ ಕ್ಯಾಟಲಾಗ್ ಹೋಗಿರುತ್ತದೆ. ಅತ್ತೆ ಬರೆದದ್ದನ್ನು ತೆರೆದ.

'ಮಾನ್ಯರೇ, ಕ್ಷೇಮವೇ? ತಮ್ಮ ಕಾಗದ ತಲುಪಿತು. ತಾವು ಹೇಳಿದ ತಪ್ಪು ನಮ್ಮಿಂದ ಆಗಿದೆ. ಇದು ಯಂತ್ರದ ತಪ್ಪಲ್ಲ, ಯಂತ್ರವನ್ನು ನೋಡಿಕೊಳ್ಳುವ ನಮ್ಮ ಅಳಿಯಂದಿರದ್ದೂ ಅಲ್ಲ. ಅವರು ಅದನ್ನು ಮಗುವಿನ ಹಾಗೆ ನೋಡಿಕೊಳ್ಳುತ್ತಾರೆ. ಬಂದ ಕಾಗದಕ್ಕೆಲ್ಲ ಉತ್ತರಿಸುವುದು ನಮ್ಮ ರೂಢಿ. ಆ ವಿಳಾಸಗಳಲ್ಲಿ ಯಾರೂ ಇಲ್ಲವೆಂದು ತಮ್ಮಿಂದಲೇ ತಿಳಿಯಿತು. ಇಷ್ಟು ದಿನ ಖಾಲಿ ಮನೆಗಳಿಗೆ ಕ್ಷೇಮ ಕೇಳಿದೆನಲ್ಲ ಎಂದು ನಗುವೂ ಬಂತು, ಸ್ವಲ್ಪ ಬೇಜಾರೂ ಆಯಿತು. ಇನ್ನು ಮುಂದೆ ಗುರುತಿಲ್ಲದವರಿಗೆ ನಾನು ಬರೆಯುವುದಿಲ್ಲ, ಇದು ನನ್ನ ಮಾತು. ನಾಲ್ಕರೊಳಗೆ ಒಂದು ಮುಖ್ಯವಾದ ಕಾಗದ ಹೋಗಬೇಕಾಗಿದೆ. ದಯವಿಟ್ಟು ಬಾಗಿಲು ತೆರೆಸಿ. ನಮ್ಮ ಕ್ಯಾಟಲಾಗನ್ನು ಇದಕ್ಕೆ ಬೇಕೆಂದೇ ಲಗತ್ತಿಸಿಲ್ಲ.'

ಅಳಿಯ ಅದನ್ನು ಎರಡು ಸಲ ಓದಿದ. ಒಂದೂವರೆಗೆ ತಾನು ಬರೆದ 'ಯಾಂತ್ರಿಕ ದೋಷ' ನೆನಪಾಗಿ ನಾಚಿಕೆಯಾಯಿತು.

"ನಿಮಗೆ ಕೋಪ ಬರಲಿಲ್ವಾ ಅತ್ತೆ?"

"ಬಂತು. ಆ ಬುಟ್ಟಿಗೆ ಕಸ ಅಂತ ಹೆಸರಿಟ್ಟಿದ್ದಕ್ಕೆ. ಮನುಷ್ಯರು ಬರೆದಿದ್ದು ಅಂತಾನೇ ಓದ್ತಿದ್ದೆ ನಾನು." ಅತ್ತೆ ಕನ್ನಡಕ ಒರೆಸಿಕೊಂಡರು. "ನನಗೇ ಬಂದು ಹೇಳಬಹುದಿತ್ತು ನೀವು."

ಅಷ್ಟರಲ್ಲಿ ಟಿಣ್ ಎಂದಿತು. ಕಸದ ಬುಟ್ಟಿಯ ಲೆಕ್ಕ ಮೂವತ್ತೊಂಬತ್ತಾಯಿತು. ಗಂಟೆ ಮೂರು ನಲವತ್ತೊಂದು. ಇಬ್ಬರೂ ಒಟ್ಟಿಗೆ ಬಗ್ಗಿದರು.

'ಅಮ್ಮಾ, ಹನ್ನೊಂದು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಎಲ್ಲರೂ ಯಂತ್ರದ ಮೇಲೆ ಹಾಕುತ್ತಾರೆ. ನಿಜ ಬರೆದವರೂ ನೀವೇ ಮೊದಲು, ನನ್ನ ಕ್ಷೇಮ ಕೇಳಿದವರೂ ನೀವೇ ಮೊದಲು. ನಿಮ್ಮ ಹೆಸರು ಪಟ್ಟಿಯಿಂದ ತೆಗೆದಿದ್ದೇನೆ. ಸುದ್ದಿ ಎಲ್ಲ ಕಡೆ ತಲುಪಲು ಹತ್ತು ನಿಮಿಷ ಬೇಕು.'

"ಕಳಿಸೇ! ಕಳಿಸು!" ಎಂದು ಅಳಿಯ ಮೆಟ್ಟಿಲ ಬುಡದಿಂದ ಕೂಗಿದ. ಯಜಮಾನಿ ಮೂರು ನಲವತ್ತೆಂಟಕ್ಕೆ ಕಳಿಸಿದಳು. ವಾಪಸ್ ಬಂತು. ಐವತ್ತೆರಡಕ್ಕೆ ಕಳಿಸಿದಳು. ವಾಪಸ್ ಬಂತು. ಸ್ಟೋರಿನವರು ಪೊರಕೆ ಹಿಡಿದು ಉಸಿರು ಬಿಗಿಹಿಡಿದು ನಿಂತರು. ಮೂರು ಐವತ್ತಾರಕ್ಕೆ ಕಳಿಸಿದ್ದು ವಾಪಸ್ ಬರಲಿಲ್ಲ. ಐವತ್ತೇಳಕ್ಕೆ ಹೊಲಿಗೆ ಶಾಲೆಯಿಂದ 'ತಲುಪಿದೆ' ಎಂದು ಬಂತು. ಯಜಮಾನಿ ಮೇಲಿಂದಲೇ "ಸದ್ಯ, ಬದುಕಿಕೊಂಡ್ರಿ!" ಎಂದಳು. ಅದು ಹೊಗಳಿಕೆಯೆಂದು ಎಂಟು ವರ್ಷದ ಅನುಭವದಲ್ಲಿ ಅಳಿಯನಿಗೆ ಗೊತ್ತಿತ್ತು.

ಐದು ಗಂಟೆಗೆ ಅವನು ಅಡ್ಡಗೋಡೆಯ ಮೇಲಿಂದ ಇಣುಕಿದ. ಅತ್ತೆ ಬರೆಯುತ್ತಿರಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಪರದೆ ನೋಡುತ್ತ ಕೂತಿದ್ದರು. ಕಸದ ಬುಟ್ಟಿಯಲ್ಲಿ, ಕಪ್ಪುಪಟ್ಟಿಯವರ ಎರಡು ಬಿಟ್ಟರೆ, ಉಳಿದ ಮೂವತ್ತೇಳು ಕಾಗದಗಳು ಉತ್ತರವಿಲ್ಲದೆ ಬಿದ್ದಿದ್ದವು. ನಲವತ್ತೊಂದು ವರ್ಷದಲ್ಲಿ ಮೊದಲ ಸಲ ಆ ಮೇಜು ಖಾಲಿಯಾಗದೆ ಉಳಿದಿತ್ತು.

"ಅತ್ತೆ, ಆ ಗುಂಡಿ ಮಾಡಿದ್ದು ನಾನು. ನೀವ್ಯಾಕೆ ಎಲ್ಲಾನೂ ನಿಮ್ಮ ಮೇಲೇ ಹಾಕ್ಕೊಂಡ್ರಿ?"

"ನೀವು ಮಾಡಿದ್ರಿ, ಒತ್ತಿದ್ದು ನಾನಲ್ವಾ? ಹೋಗಲಿ ಬಿಡಿ."

ಅಳಿಯ ಕಪಾಟಿನ ಮುಂದೆ ಬಂದು ಕೂತು, ಮಧ್ಯಾಹ್ನ ಸರಿಸಿ ಬಿಟ್ಟಿದ್ದ ಹುಟ್ಟುಹಬ್ಬದ ಕಾಗದಗಳಲ್ಲಿ ಮೊದಲನೆಯದನ್ನು ತೆರೆದ. ಎಂಟು ವರ್ಷದ ಹಿಂದಿನದು. ಈ ಸಲ ಪೂರ್ತಿ ಓದಿದ.

'ಅಳಿಯಂದಿರಿಗೆ ಆಶೀರ್ವಾದ. ಲೇತ್ ಮುಂದೆ ನಿಮ್ಮ ಕೈ ನಡುಗುವುದನ್ನು ಕಂಡೆ. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಮಾವನವರ ಕೈಯೂ ಮೊದಲ ವರ್ಷ ನಡುಗುತ್ತಿತ್ತು. ನಿಮ್ಮ ಯಂತ್ರಕ್ಕೆ ಜಾಗ ಹುಡುಕುತ್ತಿದ್ದೀರೆಂದು ತಿಳಿದು ಮೆಟ್ಟಿಲ ಕೆಳಗಿನ ಕಪಾಟನ್ನು ನಾನೇ ಖಾಲಿ ಮಾಡಿದ್ದೆ. ಜಾಗ ಸಾಕಾಗುತ್ತಿದೆಯೇ? ದಯವಿಟ್ಟು ತಿಳಿಸಿ.'

ಎರಡನೆಯ ವರ್ಷದ್ದು ತೆರೆದ. ಆಶೀರ್ವಾದ, ನಾಲ್ಕು ಮಾತು, ಕೊನೆಗೆ 'ಜಾಗ ಸಾಕಾಗುತ್ತಿದೆಯೇ? ತಿಳಿಸಿ.' ಮೂರನೆಯದು, ನಾಲ್ಕನೆಯದು, ಎಂಟರಲ್ಲೂ ಅದೇ ಪ್ರಶ್ನೆ. ಕೂದಲ ಔಷಧಿಯವನಿಗೂ ಅದೇ ದಿನ ಉತ್ತರ ಸಿಕ್ಕಿತ್ತು. ಆರು ಹೆಜ್ಜೆ ದೂರದಲ್ಲಿ ಕೂತ ಈ ಹೆಂಗಸಿಗೆ ಎಂಟು ವರ್ಷದಿಂದ ಸಿಕ್ಕಿರಲಿಲ್ಲ. ಅಳಿಯ ತೋಳಿನಿಂದ ಕಣ್ಣೊರೆಸಿಕೊಂಡ. ಸ್ಟೋರಿನವರು ನೋಡುತ್ತಿದ್ದಾರೆಂದು ಸುಮ್ಮನೆ ಕೆಮ್ಮಿದ.

ಆಮೇಲೆ ಬರೆಯತೊಡಗಿದ. 'ಅತ್ತೆಯವರಿಗೆ ನಮಸ್ಕಾರ. ತಮ್ಮ ಎಂಟು ಕಾಗದಗಳೂ ತಲುಪಿವೆ. ಉತ್ತರ ತಡವಾದದ್ದು ಯಂತ್ರದ ತಪ್ಪಲ್ಲ, ನನ್ನದು. ಜಾಗ ಸಾಕಾಗುತ್ತಿದೆ ಅತ್ತೆ. ಧಾರಾಳವಾಗಿ ಸಾಕಾಗುತ್ತಿದೆ.' ಇನ್ನೇನು ಬರೆಯಬೇಕೆಂದು ತೋಚದೆ ಹಾಗೆಯೇ ಕಳಿಸಿಬಿಟ್ಟ.

ಅಡ್ಡಗೋಡೆಯ ಆಚೆ ಟಿಣ್ ಎಂದಿತು. ಆಮೇಲೆ ಮುದ್ರಿಸುವ ಯಂತ್ರ ಗರಗರ ಎಂದಿತು. ಠಪ್ಪನೆ ಮೊಹರು ಬಿತ್ತು.

"ಅಳಿಯಂದ್ರೇ," ಎಂದರು ಅತ್ತೆ. "ಗುರುತಿರೋರಿಗೆ ಬರೀಬಹುದು ತಾನೆ?"

"ಬರೀಬಹುದು ಅತ್ತೆ."

ಅಕ್ಷರ ಹುಡುಕಿ ಹುಡುಕಿ ಒತ್ತುವ ಸದ್ದು ಶುರುವಾಯಿತು. ಯಜಮಾನಿ ಬೀಗದ ಕೈ ಹಿಡಿದು ಬಂದು ಕರೆದರೂ ಇಬ್ಬರೂ ಏಳಲಿಲ್ಲ. ಐದೂಮುಕ್ಕಾಲಿಗೆ ಅಳಿಯನಿಗೆ ಉತ್ತರ ಬಂತು. ಮೇಲೆ 'ಮಾನ್ಯರೇ, ಕ್ಷೇಮವೇ?' ಎಂದಿತ್ತು, ಕೆಳಗೆ ಅತ್ತೆಯ ಸಹಿ ಇತ್ತು, ಕೊನೆಯಲ್ಲಿ ನಲವತ್ತೆಂಟು ಪುಟದ ಕ್ಯಾಟಲಾಗನ್ನು ಲಗತ್ತಿಸಲಾಗಿತ್ತು.